ಒಂಬತ್ತಕ್ಕೂ ಒಂಬತ್ತಕ್ಕೂ ನಡುವೆ ನಿಂತ ಗೋಡೆಯವರಿಗೆ

ರಾಯಚೂರು,
ಎಳ್ಳಮಾವಾಸ್ಯೆ, ೧೯೪೯

ಮಲ್ಲಯ್ಯ ಸಾಹುಕಾರರ ಶೇಂಗಾ ಗಿರಣಿಯ ನಟ್ಟನಡುವೆ, ಪೂರ್ವಕ್ಕೆ ಒಂಬತ್ತು ಮಂದಿಯನ್ನೂ ಪಶ್ಚಿಮಕ್ಕೆ ಒಂಬತ್ತು ಮಂದಿಯನ್ನೂ ಸಮನಾಗಿ ಹಂಚಿ, ಹಗಲಿರುಳೂ ನಿಂತೇ ಇರುವ ಶ್ರೀ ಇಟ್ಟಿಗೆ ಗೋಡೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಗಿರಣಿಯ ಗುಮಾಸ್ತ ಗೋಪಾಲಕೃಷ್ಣಾಚಾರನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಬಲಗಡೆ ಮೂಲೆಯಲ್ಲಿ ಒಂದು ಬಿರುಕು ಕಾಣಿಸಿಕೊಂಡಿದೆ ಎಂದು ಕೆಲವರು ಆಡಿಕೊಳ್ಳುತ್ತಿದ್ದಾರಾದರೂ ದೊಡ್ಡವರ ಮೈಯ ವಿಷಯವನ್ನು ಚಿಕ್ಕವರು ಮಾತನಾಡಬಾರದು. ಈ ಪತ್ರವನ್ನು ಅಂಚೆಯಲ್ಲಿ ಕಳಿಸದೆ, ಜೋಳದ ಹಿಟ್ಟಿನ ಅಂಟು ಹಚ್ಚಿ ತಮ್ಮ ಮೈಮೇಲೆಯೇ ಅಂಟಿಸುತ್ತಿರುವುದಕ್ಕೆ ಮೊದಲಿಗೇ ಕ್ಷಮೆ ಕೇಳಿಕೊಳ್ಳುತ್ತೇನೆ. ತಮಗೆ ಎರಡು ಮುಖಗಳಿರುವುದರಿಂದ ಎರಡು ಪ್ರತಿ ಬರೆದಿದ್ದೇನೆ. ಇವತ್ತು ಅಮಾವಾಸ್ಯೆ, ಗಿರಣಿಗೆ ತಿಂಗಳಿಗೊಂದೇ ಇರುವ ರಜೆ. ಆಳುಗಳೆಲ್ಲ ಬುತ್ತಿ ಕಟ್ಟಿಕೊಂಡು, ಭೂತಾಯಿಗೆ ಎಡೆಯ ಚರಗ ಚೆಲ್ಲಲು ತಮ್ಮ ತಮ್ಮ ಊರ ಹೊಲಗಳಿಗೆ ಹೋಗಿದ್ದಾರೆ. ಆದ್ದರಿಂದ ನಾನೂ ತಾವೂ ಇಬ್ಬರೇ ಮನಸ್ಸು ಬಿಚ್ಚಿ ಮಾತನಾಡಿಕೊಳ್ಳಲು ಇದು ಒಳ್ಳೆಯ ಸಮಯ.

ತಾವು ಹುಟ್ಟಿದ ವೃತ್ತಾಂತ ತಮಗೆ ತಿಳಿದಿರಲಾರದು. ಯಾರಿಗೂ ತಮ್ಮ ಹುಟ್ಟಿನ ಸಂಗತಿ ನೆನಪಿರುವುದಿಲ್ಲ, ಹಿರಿಯರೇ ಹೇಳಬೇಕು. ಹೋದ ವರ್ಷದ ರಜಾಕಾರರ ಗಲಾಟೆ ಮುಗಿದು, ಊರು ಬಿಟ್ಟವರು ಊರಿಗೆ ಬಂದು, ಇಂಜಿನ್ನಿಗೆ ಹಿಡಿದ ತುಕ್ಕನ್ನು ಡ್ರೈವರ್ ವಲಿ ಪಾಷಾ ತಿಂಗಳುಗಟ್ಟಲೆ ತಿಕ್ಕಿ ತೆಗೆದು, ಗಿರಣಿ ಮತ್ತೆ ಶುರುವಾಗಿತ್ತು. ಈ ಸಲ ಮಾನ್ವಿಯ ಕಡೆಯಿಂದಲೂ ದೇವದುರ್ಗದ ಕಡೆಯಿಂದಲೂ ಶೇಂಗಾ ಗಾಡಿಗಳು ಸಾಲುಗಟ್ಟಿ ಬರತೊಡಗಿದ್ದವು. ಅಷ್ಟರಲ್ಲಿ ಹೈದರಾಬಾದಿನಿಂದ ಒಂದು ಸುದ್ದಿ ಬಂತು. ಕಾರ್ಖಾನೆಗಳಿಗೆ ಹೊಸ ಕಾಯಿದೆ ಬರಲಿದೆಯಂತೆ, ಇಂಜಿನ್ನಿನಿಂದ ನಡೆಯುವ ಕಡೆ ಹತ್ತು ಮಂದಿ ದುಡಿದರೆ ಅದು ಕಾರ್ಖಾನೆಯಂತೆ, ಅಲ್ಲಿ ಕುಡಿಯಲು ಒಳ್ಳೆಯ ನೀರು, ಕೈಕಾಲು ತೊಳೆಯಲು ಜಾಗ, ಹೆಂಗಸರಿಗೆ ಬೇರೆ ಪಾಯಖಾನೆ, ತಿರುಗುವ ಚಕ್ರಗಳಿಗೆಲ್ಲ ಬೇಲಿ, ಗಾಯಕ್ಕೆ ಹಚ್ಚುವ ಔಷಧದ ಪೆಟ್ಟಿಗೆ, ದುಡಿಮೆಗೆ ಗಂಟೆಯ ಮಿತಿ, ವಾರಕ್ಕೊಂದು ರಜೆ, ಇವೆಲ್ಲ ಇರಬೇಕಂತೆ. ಸಾಹುಕಾರರು ಗಾದಿಯ ಮೇಲೆ ಕುಳಿತು ಇದನ್ನೆಲ್ಲ ತಾಳ್ಮೆಯಿಂದಲೇ ಕೇಳಿದರು. ನೀರಿಗೆ ತಲೆಯಾಡಿಸಿದರು, ಔಷಧದ ಪೆಟ್ಟಿಗೆಗೂ ಹೂಂ ಅಂದರು. ವಾರದ ರಜೆಯ ಮಾತು ಬಂದಾಗ ಮಾತ್ರ ನನ್ನ ಕಡೆ ತಿರುಗಿದರು.

"ಗಿರಣಿಗೆ ಸೂಟಿ ಅಂದ್ರ ಅಮಾಸಿಗೆ. ತಿಂಗಳಿಗೆ ನಾಕು ಅಮಾಸಿ ಯಾವ ಪಂಚಾಂಗದಾಗ ಅದ ತೋರಿಸ್ರಿ, ಆಚಾರ್ರ."

ಪಂಚಾಂಗದ ಮಟ್ಟಿಗೆ ಅವರ ಮಾತು ಸರಿಯಾಗಿತ್ತು. ಸಾಹುಕಾರರು ಕೆಟ್ಟವರೆಂದು ತಾವು ತಿಳಿಯಬಾರದು. ಗಲಾಟೆಯ ದಿನಗಳಲ್ಲಿ ಆಳುಗಳ ಮನೆಗಳಿಗೆ ಜೋಳದ ಚೀಲ ಕಳಿಸಿಕೊಟ್ಟವರು ಅವರೇ. ಅವರಿಗೆ ಕೊಡುವುದಕ್ಕೆ ಬೇಸರವಿಲ್ಲ. ಕೊಡಲೇಬೇಕು ಎಂದು ಇನ್ನೊಬ್ಬರು ಹೇಳಿದರೆ ಮಾತ್ರ ಅವರ ಕೈ ಹಿಂದಕ್ಕೆ ಹೋಗುತ್ತದೆ, ಅಷ್ಟೇ.

ಕಾಯಿದೆಯಲ್ಲಿ ಇನ್ನೊಂದು ಮಾತಿತ್ತು. ಇಂಜಿನ್ ಇಲ್ಲದೆ ಕೈಯಿಂದಲೇ ನಡೆಯುವ ಕೆಲಸವಾದರೆ ಹತ್ತರ ಬದಲು ಇಪ್ಪತ್ತು ಮಂದಿಯಾಗುವವರೆಗೆ ತಂಟೆಯಿಲ್ಲವಂತೆ. ಇದನ್ನು ಕೇಳಿದ ಸಾಹುಕಾರರು ಒಂದು ಬೆಳಿಗ್ಗೆ ಇಂಜಿನ್ನನ್ನು ನಿಲ್ಲಿಸಿ, ಶೇಂಗಾ ಒಡೆಯುವ ಯಂತ್ರದ ಚಕ್ರವನ್ನು ಕೈಯಲ್ಲಿ ತಿರುಗಿಸಲು ನಮ್ಮ ಹಮಾಲರ ಮುಖಂಡ ಮೌನಪ್ಪನಿಗೆ ಹೇಳಿದರು. ಎರಡು ಗಾಡಿ ಶೇಂಗಾವನ್ನು ಒಬ್ಬನೇ ಇಳಿಸುವ ಆಳು ಅವನು. ಚಕ್ರವನ್ನು ಮೂರು ಸುತ್ತು ತಿರುಗಿಸಿ, ಕೈ ನೋಡಿಕೊಂಡು, ಯಂತ್ರದೊಳಗೆ ಇಣುಕಿ ನೋಡಿ, ಅಲ್ಲಿ ಒಡೆದಿದ್ದ ಹಿಡಿಯಷ್ಟು ಕಾಳನ್ನು ಬಾಯಿಗೆ ಹಾಕಿಕೊಂಡು ಚಹಾ ಕುಡಿಯಲು ಹೋದವನು ಮಧ್ಯಾಹ್ನದವರೆಗೆ ಬರಲಿಲ್ಲ. ತನ್ನ ಇಂಜಿನ್ನಿಗೆ ಅವಮಾನವಾಯಿತೆಂದು ವಲಿ ಪಾಷಾ ಎರಡು ದಿನ ಅದನ್ನು ಎಣ್ಣೆಬಟ್ಟೆಯಿಂದ ಒರೆಸಿ ಸಮಾಧಾನ ಮಾಡಿದ.

ಆಮೇಲೆ ಸಾಹುಕಾರರು ನನ್ನನ್ನು ಕರೆದು, ಗಿರಣಿಯಲ್ಲಿ ಒಟ್ಟು ಎಷ್ಟು ಮಂದಿ ಎಂದು ಕೇಳಿದರು. ನಾನು ಹಾಜರಿ ಪುಸ್ತಕ ತೆಗೆದು ಎಣಿಸಿದೆ. ಡ್ರೈವರ್ ವಲಿ ಪಾಷಾ ಒಬ್ಬ, ಮೌನಪ್ಪನೂ ಸೇರಿ ಹಮಾಲರು ನಾಲ್ವರು, ಕಾಳು ಹಸನು ಮಾಡುವ ಹೆಂಗಸರು ಹದಿಮೂರು, ಒಟ್ಟಿಗೆ ಹದಿನೆಂಟು. ಎರಡು ಸಲ ಎಣಿಸಿದೆ, ಎರಡು ಸಲವೂ ಹದಿನೆಂಟೇ ಬಂತು. ಸಾಹುಕಾರರ ಮುಖ ಅರಳಿತು. ಹದಿನೆಂಟರ ಅರ್ಧ ಒಂಬತ್ತು, ಕಾಯಿದೆ ಹುಟ್ಟುವುದು ಹತ್ತಕ್ಕೆ. ಸರಕಾರ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜನ ನಮ್ಮ ರಾಯಚೂರಿನಲ್ಲಿ ಯಾವತ್ತಿಗೂ ಕಡಿಮೆಯಿಲ್ಲ. ಮರುದಿನವೇ ಗೌಂಡಿ ಗದ್ದೆಪ್ಪ ದಾರ ಹಿಡಿದುಕೊಂಡು ಬಂದ, ಎಂಟು ದಿನಗಳಲ್ಲಿ ತಾವು ಪ್ರತ್ಯಕ್ಷರಾದಿರಿ. ತಮ್ಮ ಪೂರ್ವದ ಕಡೆ 'ಮಲ್ಲಯ್ಯ ಶೇಂಗಾ ಗಿರಣಿ' ಎಂದೂ ಪಶ್ಚಿಮದ ಕಡೆ ಸಾಹುಕಾರರ ಧರ್ಮಪತ್ನಿಯ ಹೆಸರಲ್ಲಿ 'ಸಿದ್ದಲಿಂಗಮ್ಮ ಶೇಂಗಾ ಗಿರಣಿ' ಎಂದೂ ಬೋರ್ಡುಗಳು ಏರಿದವು. ಆ ಮಹಾತಾಯಿ ತಮ್ಮ ಗಿರಣಿಯನ್ನು ಇವತ್ತಿನವರೆಗೆ ನೋಡಿಲ್ಲ. ತಮಗೊಂದು ಗಿರಣಿ ಇದೆಯೆಂಬುದು ಅವರಿಗೆ ಗೊತ್ತಾದದ್ದು ಹೋದ ಸೋಮವಾರ.

ಈಗ ತಮ್ಮ ಉಪಕಾರಗಳನ್ನು ಸ್ಮರಿಸದಿದ್ದರೆ ನಾನು ಕೃತಘ್ನನಾಗುತ್ತೇನೆ. ಹೊಸ ಕಾಯಿದೆಯಿಂದ ಕೆಲಸ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂದು ಪೇಟೆಯಲ್ಲಿ ದೊಡ್ಡ ದೊಡ್ಡವರು ಚರ್ಚೆ ಮಾಡುತ್ತಾರೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಹೆಚ್ಚಿದೆ. ತಮ್ಮನ್ನು ನೋಡಿಹೋದ ಇನ್ನೂ ಮೂವರು ಗಿರಣಿ ಮಾಲಕರು ತಮ್ಮಂಥವರನ್ನೇ ಒಬ್ಬೊಬ್ಬರನ್ನು ತಮ್ಮ ಗಿರಣಿಗಳಲ್ಲಿ ಪ್ರತಿಷ್ಠಾಪಿಸಿದ್ದಾರೆ. ಗದ್ದೆಪ್ಪನಿಗೆ ಈಗ ಉಸಿರಾಡಲು ಪುರಸೊತ್ತಿಲ್ಲ. ಇಟ್ಟಿಗೆ ಸುಡುವವರು, ಮಣ್ಣು ಹೊರುವವರು, ಬೋರ್ಡು ಬರೆಯುವವರು ಎಲ್ಲರೂ ಕೆಲಸದ ಮೇಲಿದ್ದಾರೆ. ಕೆಲಸ ಹೆಚ್ಚದೆ ಇರುವುದು ಗಿರಣಿಯ ಒಳಗೆ ಮಾತ್ರ.

ಇದನ್ನು ಹೇಳುವಾಗ ನನಗೆ ಯರಗೇರಾದಿಂದ ಬಂದ ಆರು ಮಂದಿ ಹೆಂಗಸರು ನೆನಪಾಗುತ್ತಾರೆ. ಈ ವರ್ಷ ಗಾಡಿಗಳು ಹೆಚ್ಚು ಬರುತ್ತಿವೆ ಎಂದು ಕೇಳಿ, ತಮ್ಮ ತಮ್ಮ ಮೊರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇ ಬಂದಿದ್ದರು. ಅವರಿಗೆ ಕೊಡುವಷ್ಟು ಕೆಲಸವೂ ಇತ್ತು. ಅಂಗಳದಲ್ಲಿ ಹಸನು ಮಾಡದ ಕಾಳು ಮೊಳಕಾಲೆತ್ತರ ಬಿದ್ದಿತ್ತು. ಆದರೆ ಒಬ್ಬಳನ್ನು ತೆಗೆದುಕೊಂಡರೂ ಒಂಬತ್ತು ಹತ್ತಾಗುತ್ತದೆ. ಇನ್ನೊಂದು ಗೋಡೆ ಕಟ್ಟಿದರೆ ಮೂರನೆಯ ಗಿರಣಿಯಾಗುತ್ತದಾದರೂ ಸಾಹುಕಾರರಿಗೆ ಇನ್ನೊಬ್ಬ ಹೆಂಡತಿಯಿಲ್ಲ. ಹೀಗಾಗಿ ಆ ಹೆಂಗಸರು ತಮ್ಮ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು, ಬಂದ ದಾರಿ ಹಿಡಿದು ಹೋದರು. ತಾವು ಅವರಿಗೆ ನೆರಳು ಕೊಟ್ಟಿರಿ, ಅದನ್ನಾದರೂ ಕೊಟ್ಟಿರಲ್ಲ.

ನೀರು ಎಂದೆ. ಕುಡಿಯುವ ನೀರಿನ ಹರವಿ ಇರುವುದು ಪೂರ್ವದ ಕಡೆ. ಪಶ್ಚಿಮದವರಿಗೆ ಬಾಯಾರಿದರೆ ತಮ್ಮ ಮೈಯಲ್ಲಿರುವ ಕಂಡಿಯ ಮೂಲಕ ತಂಬಿಗೆ ಹಾದು ಹೋಗಬೇಕು. ಆ ಕಂಡಿಯ ಬಳಿಯೇ ನನ್ನ ಮೇಜು. ಎರಡು ಗಿರಣಿಗೂ ಗುಮಾಸ್ತ ನಾನೊಬ್ಬನೇ ಆದ್ದರಿಂದ, ಆಳು ಹಾದು ಹೋಗುವಷ್ಟು ಜಾಗ ಬಿಟ್ಟು ನನ್ನ ಮೇಜನ್ನು ತಮ್ಮ ಹೊಟ್ಟೆಯಲ್ಲಿ ಇಟ್ಟಿದ್ದಾರೆ. ನನ್ನ ಬಲಗಾಲು ಮಲ್ಲಯ್ಯನವರ ಗಿರಣಿಯಲ್ಲಿ, ಎಡಗಾಲು ಸಿದ್ದಲಿಂಗಮ್ಮನವರ ಗಿರಣಿಯಲ್ಲಿ. ಆಳುಗಳ ತಂಬಿಗೆ ನನ್ನ ಮುಂದಿನಿಂದ ಹಾದು ಹೋಗುತ್ತದೆ, ನಾನು ಮಾತ್ರ ಮನೆಯಿಂದ ತಂದ ನನ್ನ ತಂಬಿಗೆಯಲ್ಲೇ ಕುಡಿಯುತ್ತೇನೆ. ಜಾತಿಯ ಆ ಇನ್ನೊಂದು ಗೋಡೆಯನ್ನು ಕಟ್ಟಿದ ಗೌಂಡಿ ಯಾರೋ ತಿಳಿಯದು, ಅವನು ಸುಣ್ಣದ ಗಟ್ಟಿ ಗಚ್ಚನ್ನೇ ಹಾಕಿರಬೇಕು.

ತಮ್ಮ ಮೈಯಲ್ಲಿ ಇನ್ನೊಂದು ತೂತಿದೆ. ಇಂಜಿನ್ ಒಂದೇ ಆದ್ದರಿಂದ ಅದರ ಚರ್ಮದ ಪಟ್ಟಾ ತಮ್ಮನ್ನು ತೂರಿಕೊಂಡು ಹೋಗಿ ಪಶ್ಚಿಮದ ಜರಡಿ ಯಂತ್ರವನ್ನು ತಿರುಗಿಸುತ್ತದೆ. ಕಾರ್ತಿಕದಲ್ಲಿ ಒಂದು ದಿನ, ಅಲ್ಲಿ ಕಾಳು ಬಾಚುತ್ತಿದ್ದ ಜೈಬುನ್ನೀಸಾಳ ಸೆರಗು ಆ ಪಟ್ಟಾಕ್ಕೆ ಸಿಕ್ಕಿತು. ಮೊದಲಾಗಿದ್ದರೆ ವಲಿ ಪಾಷಾನಿಗೆ ಗಿರಣಿಯ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತಿತ್ತು. ಈಗ ನಡುವೆ ತಾವು. ಹೆಂಗಸರು ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ನಾನು ಮೇಜನ್ನು ದೂಡಿಕೊಂಡು ಓಡಿಹೋಗಿ ಅವನ ಭುಜ ಹಿಡಿದು ಅಲ್ಲಾಡಿಸಿದ ಮೇಲೆ ಅವನು ಇಂಜಿನ್ ನಿಲ್ಲಿಸಿದ. ದೇವರು ದೊಡ್ಡವನು, ಹೋದದ್ದು ಸೆರಗು ಮಾತ್ರ. ಇದನ್ನು ತಮಾಷೆಯಾಗಿ ಹೇಳಲು ಇವತ್ತಿಗೂ ನನ್ನಿಂದಾಗುವುದಿಲ್ಲ. ಮರುದಿನ ವಲಿ ಪಾಷಾ ತನ್ನ ಮನೆಯಿಂದ, ತಾನು ಮಲಗುತ್ತಿದ್ದ ಮುರಿದ ಹೊರಸೊಂದನ್ನು ತಂದು ಪಟ್ಟಾದ ಮುಂದೆ ಅಡ್ಡ ಕಟ್ಟಿದ. ಕಾಯಿದೆ ಕೇಳುವ ಬೇಲಿ ಅದೇ. ಸರಕಾರದ ಕಾಗದವಿಲ್ಲದೆ, ಹಳೆಯ ಹೊರಸಿನ ರೂಪದಲ್ಲಿ ಅದು ನಮ್ಮಲ್ಲಿಗೆ ಮೊದಲೇ ಬಂದುಬಿಟ್ಟಿದೆ.

ಇನ್ನು ತೊಟ್ಟಿಲಿನ ವಿಷಯ. ಇದರಲ್ಲಿ ತಪ್ಪು ನನ್ನದು, ತಮ್ಮ ಮೇಲೆ ಹೊರಿಸುವುದಿಲ್ಲ. ದೇವದುರ್ಗದ ಕಡೆ ಮಸರಕಲ್ಲಿನಿಂದ ಬಂದು ಇಲ್ಲಿ ನೆಲೆಸಿರುವ ಮಾನಮ್ಮನಿಗೆ ಎಂಟು ತಿಂಗಳ ಹೆಣ್ಣು ಕೂಸಿದೆ. ಇಂಜಿನ್ನಿನ ಹೊಗೆ ಬಾರದ ಪಶ್ಚಿಮದ ತೊಲೆಗೆ ಸೀರೆಯ ತೊಟ್ಟಿಲು ಕಟ್ಟಿ ಅದನ್ನು ಮಲಗಿಸುತ್ತಾಳೆ. ಆದರೆ ಎರಡು ಗಿರಣಿಯ ಆಳುಗಳ ಪಟ್ಟಿ ಬರೆದು ಹೈದರಾಬಾದಿಗೆ ಕಳಿಸುವಾಗ ನಾನು ಬುದ್ಧಿವಂತಿಕೆಯಿಂದ, ಹಾಜರಿ ಪುಸ್ತಕದ ಮೊದಲ ಒಂಬತ್ತು ಹೆಸರನ್ನು ಪೂರ್ವಕ್ಕೂ ಉಳಿದ ಒಂಬತ್ತನ್ನು ಪಶ್ಚಿಮಕ್ಕೂ ಬರೆದುಬಿಟ್ಟೆ. ಮಾನಮ್ಮನ ಹೆಸರು ಎಂಟನೆಯದು. ಹೀಗೆ ತಾಯಿ ಒಂದು ಗಿರಣಿಯಲ್ಲಿ, ಕೂಸು ಇನ್ನೊಂದು ಗಿರಣಿಯಲ್ಲಿ ಆಯಿತು. ಕಾಗದ ಹೋದ ಮೇಲೆ ತಿದ್ದುವಂತಿಲ್ಲ. ಕೂಸು ಅತ್ತಾಗ ಮಾನಮ್ಮ ಹಾಲು ಕೊಡಲು ಪಶ್ಚಿಮಕ್ಕೆ ಹೋದಳೆಂದರೆ ಅಲ್ಲಿ ಹತ್ತು ಮಂದಿಯಾಗಿ, ಕೂಸಿನ ಹೊಟ್ಟೆ ತುಂಬುವವರೆಗೆ ಸಿದ್ದಲಿಂಗಮ್ಮನವರ ಗಿರಣಿ ಕಾಯಿದೆಯ ಪ್ರಕಾರ ಕಾರ್ಖಾನೆಯಾಗಿಬಿಡುತ್ತದೆ.

ಇದಕ್ಕೆ ಸಾಹುಕಾರರು ಒಂದು ಕ್ರಮ ಕಂಡುಹಿಡಿದರು. ಮಾನಮ್ಮ ಆ ಕಡೆ ಹೋದರೆ, ಆ ಕಡೆಯ ಕನಕಮ್ಮ ಮೊರ ಹಿಡಿದುಕೊಂಡು ಈ ಕಡೆ ಬರಬೇಕು. ಕೂಸು ಮಲಗಿದ ಮೇಲೆ ಇವಳು ಇತ್ತ, ಅವಳು ಅತ್ತ. ಮೊದಮೊದಲು ಹೆಂಗಸರು ನಕ್ಕು ನಕ್ಕು ಸುಸ್ತಾದರು. ಆಮೇಲೆ ಅದೇ ಪದ್ಧತಿಯಾಯಿತು. ಕೂಸು ಕಿಟಾರನೆ ಕಿರುಚಿದರೆ ಸಾಕು, ಕನಕಮ್ಮ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಏಳುತ್ತಾಳೆ, ನನ್ನ ಮೇಜಿನ ಪಕ್ಕದಲ್ಲಿ ಇಬ್ಬರೂ ಓರೆಯಾಗಿ ಹಾದು ಹೋಗುತ್ತಾರೆ. ಅರ್ಧ ಹೇಳಿದ ಮಾತನ್ನು ಅವಳು ಪೂರ್ವದವರಿಗೆ ಮುಗಿಸುತ್ತಾಳೆ. ಹೀಗಾಗಿ ನಮ್ಮ ಎರಡು ಗಿರಣಿಗಳಲ್ಲಿ ಯಾರಿಗೂ ಒಂದು ಸುದ್ದಿಯೂ ಪೂರ್ತಿಯಾಗಿ ತಿಳಿದಿಲ್ಲ. ದಿನಕ್ಕೆ ಆರೇಳು ಸಲ ಈ ಮೆರವಣಿಗೆ ನಡೆಯುವುದನ್ನು ತಾವು ಎರಡು ತಿಂಗಳಿನಿಂದ ನೋಡುತ್ತಿದ್ದೀರಿ. ತುಟಿ ಬಿಚ್ಚಿಲ್ಲ. ಇಂಥ ಗಾಂಭೀರ್ಯ ನಮ್ಮ ಕಡೆಯ ಪಂಚರಲ್ಲಿಯೂ ಅಪರೂಪ.

ಹತ್ತು ದಿನಗಳ ಹಿಂದೆ ಹೈದರಾಬಾದಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಕಾಯಿದೆ ಜಾರಿಯಾಗುವ ಮೊದಲು ಯಾವ ಯಾವ ಗಿರಣಿ ಅದರ ಕೆಳಗೆ ಬರುತ್ತದೆಂದು ಪಟ್ಟಿ ಮಾಡುವುದು ಅವರ ಕೆಲಸ. ವಯಸ್ಸಾದವರು, ಮೃದುವಾದ ಮಾತು. ಪೂರ್ವಕ್ಕೆ ಹೋಗಿ ಎಣಿಸಿದರು, ಒಂಬತ್ತು. ಕಂಡಿಯಲ್ಲಿ ಬಗ್ಗಿ ಪಶ್ಚಿಮಕ್ಕೆ ಹೋಗಿ ಎಣಿಸಿದರು, ಒಂಬತ್ತು. ತಮ್ಮನ್ನು ತೂರಿಬಂದ ಪಟ್ಟಾವನ್ನು ನೋಡಿದರು, ಹೊರಸನ್ನು ನೋಡಿದರು, ಗಡ್ಡ ನೀವಿಕೊಂಡರು. ಗಿರಣಿ ಒಂದೇ ಎಂದು ಅವರಿಗೆ ತಿಳಿಯಲಿಲ್ಲವೆಂದು ನಾನು ಹೇಳಲಾರೆ. ಆದರೆ ಕಾಗದದಲ್ಲಿ ಮಾಲಕರು ಇಬ್ಬರು, ಬೋರ್ಡು ಎರಡು. ಅಷ್ಟರಲ್ಲಿ ಕೂಸು ಅತ್ತಿತು. ಮಾನಮ್ಮ ಎದ್ದಳು, ಕನಕಮ್ಮ ಎದ್ದಳು, ಇಬ್ಬರೂ ಸಾಹೇಬರ ಎಡಬಲದಲ್ಲಿ ಹಾದು ಹೋದರು. ಸಾಹೇಬರು ಎರಡೂ ಕಡೆ ಮತ್ತೆ ಎಣಿಸಿದರು. ಒಂಬತ್ತು, ಒಂಬತ್ತು. ಸಾಹುಕಾರರು ಸಂತೋಷದಿಂದ ಎಲೆ ಅಡಿಕೆಯ ತಟ್ಟೆ ತರಿಸಿದರು.

ಸಾಹೇಬರು ಎಲೆಗೆ ಸುಣ್ಣ ಹಚ್ಚುತ್ತ, ತಮ್ಮ ಹೊಟ್ಟೆಯ ಕಂಡಿಯಲ್ಲಿ ಕುಳಿತು ಶೇಂಗಾ ಚೀಲಕ್ಕೆ ಮುದ್ರೆ ಒತ್ತುತ್ತಿದ್ದ ನನ್ನನ್ನು ನೋಡಿದರು.

"ಔರ್ ಆಪ್?"

ಮತ್ತೆ ತಾವು, ಎಂದು ಕೇಳಿದ್ದು ಅಷ್ಟೇ. ನಾನು ಎಣಿಸುವವನು ಎಂದು ಬಿನ್ನವಿಸಿಕೊಂಡೆ. ಎಣಿಸುವವರನ್ನು ಯಾರು ಎಣಿಸುತ್ತಾರೆಂದು ಅವರು ಕೇಳಿದರು. ಚೀಲ ತೂಗುವ ಕೈ, ಮುದ್ರೆ ಹೊಡೆಯುವ ಕೈ, ಕೆಲಸದ ಕೈಯೇ ಎಂದು ಅವರೇ ಹೇಳಿದರು. ಬಲಗಾಲನ್ನು ನಂಬಿದರೆ ನಾನು ಪೂರ್ವದ ಹತ್ತನೆಯವನು, ಎಡಗಾಲನ್ನು ನಂಬಿದರೆ ಪಶ್ಚಿಮದ ಹತ್ತನೆಯವನು. ಎಲ್ಲಿ ಕೂಡಬೇಕೆಂಬುದನ್ನು ತೀರ್ಮಾನ ಮಾಡಿಕೊಳ್ಳಿ, ಅಮಾವಾಸ್ಯೆ ಕಳೆದ ಮೂರನೆಯ ದಿನ ಬಂದು ಇದ್ದವರನ್ನು ಇದ್ದ ಹಾಗೆ ಬರೆದುಕೊಳ್ಳುತ್ತೇನೆ ಎಂದು ಹೇಳಿ, ಎಲೆ ಮೆಲ್ಲುತ್ತ ಹೊರಟುಹೋದರು.

ಮಾನ್ವಿಯಲ್ಲಿ ನಮ್ಮ ತಂದೆಯವರು ಕಟ್ಟೆಯ ಮೇಲೆ ಕುಳಿತು, ತುಂಗಭದ್ರೆ ದಾಟಿದ ಹತ್ತು ಮಂದಿಯ ಕಥೆ ಹೇಳುತ್ತಿದ್ದರು. ದಡ ಸೇರಿದ ಮೇಲೆ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಉಳಿದವರನ್ನು ಎಣಿಸಿ, ಒಬ್ಬ ಮುಳುಗಿದನೆಂದು ಎಲ್ಲರೂ ಕುಳಿತು ಅಳುತ್ತಾರೆ. ಎಂಥ ಹುಚ್ಚರು ಎಂದು ನಾನು ಬಿದ್ದು ಬಿದ್ದು ನಗುತ್ತಿದ್ದೆ. ಈಗ ಇಪ್ಪತ್ತೆರಡು ವರ್ಷ ಹಾಜರಿ ಪುಸ್ತಕ ಬರೆದವನು, ಅದರಲ್ಲಿ ಒಂದು ಸಲವೂ ನನ್ನ ಹೆಸರನ್ನು ಬರೆದಿಲ್ಲ. ಆಳು ಎಂದರೆ ಅವರು, ನಾನು ಬೇರೆ ಎಂದುಕೊಂಡಿದ್ದೆ. ಹೆಮ್ಮೆಯೇ ಅದು, ಮರೆವಲ್ಲ. ನಮ್ಮ ಮನೆಯಾಕೆ ಅನಸೂಯಾಬಾಯಿಗೆ ಇದನ್ನು ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಮನೆಯಲ್ಲಿ ಊಟಕ್ಕೆ ಜನ ಬಂದಾಗಲೂ ನಾನು ಎಣಿಸಿ ತಂದ ಎಲೆ ಯಾವಾಗಲೂ ಒಂದು ಕಡಿಮೆಯೇ ಬೀಳುತ್ತದಂತೆ.

ಸಾಹುಕಾರರು ಮೂರು ದಿನ ಯೋಚನೆ ಮಾಡಿದರು. ನನ್ನನ್ನು ತೆಗೆದರೆ ತೂಕ, ಮುದ್ರೆ, ಕಾಗದ ಎಲ್ಲ ನಿಲ್ಲುತ್ತದೆ. ಆದ್ದರಿಂದ ನನ್ನನ್ನು ಪೂರ್ವಕ್ಕೆ ಕೂಡಿಸಿ, ಪೂರ್ವದಿಂದ ಒಬ್ಬರನ್ನು ಕಡಿಮೆ ಮಾಡುವುದೆಂದು ನಿಶ್ಚಯಿಸಿದರು. ಯಾರನ್ನು ಎಂದು ಕೇಳಬೇಕಾಗಿರಲಿಲ್ಲ. ದಿನಕ್ಕೆ ಆರೇಳು ಸಲ ಎದ್ದು ಹೋಗುವವಳು ಒಬ್ಬಳೇ. ಅಮಾವಾಸ್ಯೆಯ ನಂತರ ಬರಬೇಡವೆಂದು ಮಾನಮ್ಮನಿಗೆ ನಾನೇ ಹೇಳಬೇಕೆಂದು ಅಪ್ಪಣೆಯಾಯಿತು. ಅವಳ ಗಂಡ ಗಲಾಟೆಯ ಕಾಲದಲ್ಲಿ ಬಳ್ಳಾರಿಯ ಕಡೆ ಹೋದವನು ಇನ್ನೂ ಬಂದಿಲ್ಲ. ಆ ಕೂಸಿಗೆ, ಮಸರಕಲ್ಲಿನಲ್ಲಿರುವ ಮುದಿ ತಾಯಿಗೆ, ಅವಳ ಮೊರವೇ ಆಧಾರ. ಇದೆಲ್ಲ ಗೊತ್ತಿದ್ದೂ ನಾನು ನಿನ್ನೆ ಸಂಜೆ ಅವಳನ್ನು ಮೇಜಿನ ಹತ್ತಿರ ಕರೆದು, ಕಾಯಿದೆಯ ವಿಷಯ, ಹತ್ತರ ವಿಷಯ, ಹೊಳೆ ದಾಟಿದಷ್ಟು ದೂರದಿಂದ ಸುತ್ತಿ ಬಳಸಿ ಹೇಳಿದೆ. ಮಾನಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಕೇಳಿದಳು.

"ಯಪ್ಪಾ, ಎಣಿಸೂ ಮುಂದ ನಿಮ್ಮನ್ನ ನೀವು ಮರ್ತೀರಿ. ಮರ್ತವ್ರು ಒಳಗ, ಎಣಿಸ್ಕೊಂಡಾಕಿ ಹೊರಗ. ಇದ್ಯಾವ ನ್ಯಾಯ್ರೀ?"

ನನಗೆ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಲೆಕ್ಕದಲ್ಲಿ ತಪ್ಪು ತೋರಿಸಿದವರು ಇಬ್ಬರೇ, ಹೈದರಾಬಾದಿನ ಸಾಹೇಬರು ಮತ್ತು ಹೆಬ್ಬೆಟ್ಟು ಒತ್ತುವ ಮಾನಮ್ಮ. ಹಾಜರಿ ಪುಸ್ತಕ ಮುಚ್ಚಿಟ್ಟು ಮನೆಗೆ ಹೋದೆ. ರಾತ್ರಿಯ ಊಟ ಸೇರಲಿಲ್ಲ.

ಆದುದರಿಂದ ಮಹಾಸ್ವಾಮಿಗಳಾದ ತಮ್ಮಲ್ಲಿ ಕೆಲವು ಅರಿಕೆಗಳಿವೆ. ತಾವು ದಯಮಾಡಿ ನನ್ನನ್ನು ತಮ್ಮದೇ ಒಂದು ಇಟ್ಟಿಗೆಯೆಂದು ಒಪ್ಪಿಕೊಳ್ಳಬೇಕು, ಆಗ ನಾನು ಯಾವ ಕಡೆಯವನೂ ಆಗದೆ ಮಾನಮ್ಮ ಉಳಿಯುತ್ತಾಳೆ. ಅದು ಸಾಧ್ಯವಿಲ್ಲದಿದ್ದರೆ, ಸಾಹೇಬರು ಎಣಿಸುವಾಗ ತಾವು ಒಂದೊಂದು ಮೊಳ ಅತ್ತಿತ್ತ ಸರಿದಾಡಿ, ಹೆಚ್ಚಾದ ಒಬ್ಬರನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬೇಕು. ಅದೂ ಆಗದಿದ್ದರೆ ಆ ಕೂಸಿಗೆ ಹಾಲು ಕೊಡುವ ವ್ಯವಸ್ಥೆಯನ್ನಾದರೂ ತಾವೇ ವಹಿಸಿಕೊಳ್ಳಬೇಕು. ತಾವು ಈ ಮೂರಕ್ಕೂ ಮೌನವಾಗಿಯೇ ಇರುವಿರೆಂದು ಬಲ್ಲೆ. ಹಾಗಾಗಿ ನನ್ನ ಕೈಲಾಗುವುದನ್ನು ಇವತ್ತು ಬೆಳಿಗ್ಗೆ ನಾನೇ ಮಾಡಿದ್ದೇನೆ.

ಹಾಜರಿ ಪುಸ್ತಕದಲ್ಲಿ ಮಾನಮ್ಮನ ಹೆಸರನ್ನು ಹೊಡೆದು ಹಾಕಬೇಕಾಗಿದ್ದ ಲೇಖನಿಯಿಂದ, ಪುಟದ ಮೇಲ್ಗಡೆ, ಎಲ್ಲರಿಗಿಂತ ಮೊದಲು, ನನ್ನ ಹೆಸರನ್ನು ಬರೆದಿದ್ದೇನೆ. ಕೆಳಗೆ ಹದಿನೆಂಟು ಹೆಸರುಗಳೂ ಹಾಗೆಯೇ ಇವೆ. ಅದರ ನಕಲನ್ನು ಸಹಿ ಮಾಡಿ ಇನ್‌ಸ್ಪೆಕ್ಟರ್ ಸಾಹೇಬರು ಇಳಿದುಕೊಂಡಿರುವ ಬಂಗಲೆಗೆ ಮುಟ್ಟಿಸಿ ಬಂದಿದ್ದೇನೆ. ಸಾಹುಕಾರರಿಗೆ ಸಿಟ್ಟು ಬರುತ್ತದೆ, ಬರಲಿ. ಅವರು ನನ್ನನ್ನು ತೆಗೆಯಬಹುದು. ತೆಗೆದರೆ ಪೂರ್ವಕ್ಕೆ ಒಂಬತ್ತು, ಪಶ್ಚಿಮಕ್ಕೆ ಒಂಬತ್ತು, ಮಾನಮ್ಮನ ಮೊರಕ್ಕೆ ಭಯವಿಲ್ಲ. ಆದರೆ ಚೀಲ ತೂಗಲು, ಮುದ್ರೆ ಹೊಡೆಯಲು, ಹೊಸ ಗುಮಾಸ್ತನೊಬ್ಬ ಬರಲೇಬೇಕು, ಅವನು ಯಾವ ಗಳಿಗೆಯಲ್ಲಿ ಬಂದು ಕುಳಿತರೂ ಹತ್ತನೆಯವನೇ. ಎಣಿಸುವವನಿಲ್ಲದೆ ಗಿರಣಿ ನಡೆಯುವುದಿಲ್ಲ, ಎಣಿಸುವವನಿದ್ದರೆ ಕಾಯಿದೆ ತಪ್ಪುವುದಿಲ್ಲ. ಒಮ್ಮೆ ಹತ್ತಾದ ಮೇಲೆ ಹದಿನಾರಾದರೇನು, ಇಪ್ಪತ್ತೈದಾದರೇನು? ಯರಗೇರಾಕ್ಕೆ ಹೇಳಿ ಕಳಿಸಬಹುದು. ಈ ಮಾತನ್ನು ಸಾಹುಕಾರರಿಗೆ ಬಾಯಿಂದ ಹೇಳುವ ಧೈರ್ಯ ನನಗಿಲ್ಲವಾದ್ದರಿಂದಲೇ, ಅವರು ದಿನಾ ಬೆಳಿಗ್ಗೆ ಬಂದು ತಟ್ಟಿ ನೋಡುವ ತಮ್ಮ ಮೈಮೇಲೆ ಬರೆದು ಅಂಟಿಸುತ್ತಿದ್ದೇನೆ.

ಬಂಗಲೆಯಿಂದ ಬಂದು ಅನಸೂಯಾಬಾಯಿಗೆ ಎಲ್ಲವನ್ನೂ ಹೇಳಿದೆ. ಕೆಲಸ ಹೋದರೆ ಏನು ಮಾಡುವುದೆಂದು ಅವಳು ಕೇಳುತ್ತಾಳೆಂದು ಹೆದರಿದ್ದೆ. ಅವಳು ಮಣೆ ಹಾಕುತ್ತ, "ಎಲಿ ನಾ ಹಾಕ್ತೀನಲ್ಲ, ನನ್ನ ಎಣಿಕ್ಯಾಗ ನೀವು ಎಂದೂ ತಪ್ಪಿಲ್ಲ" ಎಂದಳು. ಆಮೇಲೆ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ತಾವು ಎಷ್ಟು ದಿನ ನಿಲ್ಲುವಿರೋ ಅಷ್ಟು ದಿನವೂ ತಮಗೆ ಆಯುರಾರೋಗ್ಯ ದೊರೆಯಲಿ. ಅದು ಬಹಳ ದಿನವಾಗದಿರಲಿ ಎಂದು ವಿನಯಪೂರ್ವಕವಾಗಿ ಹಾರೈಸುತ್ತ ಮುಗಿಸುತ್ತೇನೆ.

ಇಂತಿ ಇಷ್ಟು ದಿನ ತಮ್ಮ ಹೊಟ್ಟೆಯಲ್ಲಿ ಕುಳಿತ,
ತಮ್ಮ ವಿಶ್ವಾಸಿ,
ಗೋಪಾಲಕೃಷ್ಣಾಚಾರ, ಮಾನ್ವಿ,
ಗಿರಣಿಯ ಆಳು, ಹಾಜರಿ ಪುಸ್ತಕದಲ್ಲಿ ಒಂದನೆಯ ಹೆಸರು

ತಾಜಾ ಕಲಂ: ಅಂಟು ಹಚ್ಚುವಾಗ ಗದ್ದೆಪ್ಪ ಈ ದಾರಿಯಲ್ಲಿ ಬಂದಿದ್ದ. ಸಾಹುಕಾರರ ಉಳಿತಾಯದ ಮಾತು ಕೇಳಿ ತಮಗೆ ಗಚ್ಚಿನ ಬದಲು ಬರಿಯ ಕೆಸರು ಹಾಕಿದ್ದಾಗಿ ಒಪ್ಪಿಕೊಂಡ. ತಮ್ಮನ್ನು ಇಳಿಸಲು ಎಷ್ಟು ಆಳು ಬೇಕಾದೀತೆಂದು ಕೇಳಿದೆ. ತಮ್ಮನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಹತ್ತು ಮಂದಿಯಾದರೆ ಅರ್ಧ ದಿನದ ಕೆಲಸ ಎಂದ. ತಾವು ಗಾಬರಿಯಾಗಬಾರದು. ಅವರ ಹತ್ತಿರ ಇಂಜಿನ್ ಇರುವುದಿಲ್ಲ, ಆದ್ದರಿಂದ ಯಾವ ಕಾಯಿದೆಯೂ ಅಡ್ಡ ಬರುವುದಿಲ್ಲ.